ತೆಗಿ ಅಂದ್ರು, ತೆಗದ್ಲು

ಡ್ರೈವರ ಮಾನಪ್ಪ ರಕ್ತ ಭಂಡಾರದ ಖೋಲಿ ಬಾಗಲದಾಗ ಕೌದಿ ಹಿಡಕೊಂಡ ನಿಂತಿದ್ದ, ಎರಡೂ ಕೈ ಮುಂದ ಚಾಚಿ, ಬಾಣಂತಿ ಖೋಲಿ ಹೊರಗ ಕೂಸಿನ್ನ ಇಸಗೊಳ್ಳಾಕ ನಿಂತ ಸೋದರಮಾವನಂಗ. "ತಂಗೀ, ಆ ಹಳೇವೆರಡು ಡಿಸ್ಕ ಕೊಡು. ತೆಗದ ಮ್ಯಾಲ ಕೌದ್ಯಾಗ ಸುತ್ತಿ ಕಪಾಟಿನ್ಯಾಗ ಇಡು ಅಂತ ಅರುಣ ಸಾಹೇಬ ನಿನ್ನೇನ ಹೇಳ್ಯಾನ" ಅಂದ. ಸುಮಂಗಲಾ ಖುರ್ಚಿಮ್ಯಾಲ ಕುಂತಾಕಿ ಕುಂತಲ್ಲೇ ತಣ್ಣಗಾದ್ಲು. ಹೊರಗ ಸಿಂದಗಿ ಬಿಸಲು ಕಾಗಿ ಕಾಲೂರಿದ್ರ ಸುಟ್ಟು ಬೊಕ್ಕಿ ಏಳೂವಷ್ಟು ಕಾದಿತ್ತು, ಆದ್ರ ಆಕಿ ಬೆನ್ನಾಗ ಬಾವಿ ನೀರ ಇಳದಂಗಾತು. ತೆಗದ ಮ್ಯಾಲ. ಅಂದ್ರ ಕಂಪ್ಯೂಟರ ಪೆಟ್ಟಿಗ್ಯಾಗಿಂದ ಕೈಲೆ ಎಳದು ಹೊರಗ ತೆಗದ ಮ್ಯಾಲ. ಆಕಿನೂ ತೆಗದಿದ್ಲು. ಮುಂಜಾನೆ ಒಂಬತ್ತೂವರಿಗೇ ತೆಗದಿದ್ಲು. ಆದ್ರ ಕೈಲೆ ಅಲ್ಲ, ಆ ನೀಲಿ ಪರದೇದ ಮ್ಯಾಲ, ಮೂರನೇ ಸಾಲಿಗೆ ಹೋಗಿ, ಹೂಂ ಅನ್ನೂ ಗುಂಡಿ ಒತ್ತಿ. ನಾಕ ಊರಿನ ಹೆಸರು ತುಂಬಿದ್ದ ಎರಡೂ ಡಿಸ್ಕು ಖಾಲಿ ಡಿಸ್ಕಿನ ಪಂಕ್ತಿಯಾಗ ಹೋಗಿ ಕುಂತದ್ದನ್ನ ಕಣ್ಣಾರೆ ನೋಡಿದ್ಲು, ನೋಡಿ ನನ್ನಂಥಾ ಶಾಣ್ಯಾಕಿ ಏಳ ಹಳ್ಯಾಗಿಲ್ಲ ಅಂತ ಒಳಗೊಳಗ ಉಬ್ಬಿದ್ಲು. "ಆಮ್ಯಾಲ ಕೊಡತೇನಿ ಅಣ್ಣಾ, ಪೂಜಾ ಆಗ್ಲಿ" ಅಂದ್ಲು. ದನಿ ತನ್ನದ ಅನಸಲಿಲ್ಲ, ಯಾರೋ ಹಿಂದಿನ ಓಣ್ಯಾಗಿಂದ ಮಾತಾಡಿದಂಗಾತು. ಮಾನಪ್ಪ ಕೌದಿ ಮಡಚಿ ಬಗಲಾಗ ಇಟಕೊಂಡ. "ನಾನೂ ಕಾಯತೇನಿ ಬಿಡು. ಇಜಾಪುರದಿಂದ ತರೂವಾಗ ಗಾಡಿನ ಹಿಂಗ ಹೊಡದೇನಿ ನೋಡು, ತೆಗ್ಗಿಗೊಮ್ಮೆ ನಿಲ್ಲಿಸಿ, ದೇವರ ಪಾಲಕಿ ತಂದಂಗ. ನನ್ನ ಮಗಳ ಬಾಣಂತನಕ್ಕೂ ಇಷ್ಟ ನಾಜೂಕ ಹೊಡದಿಲ್ಲ."

ಆ ಎರಡು ಡಿಸ್ಕಿನ್ಯಾಗ ಇದ್ದದ್ದು ಮಂದಿ ಹೆಸರು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಊರಾಗ ಮತ್ತ ಸುತ್ತ ಹಳ್ಳ್ಯಾಗ ಯಾರು ರಕ್ತ ಕೊಡತಾರ, ಯಾರದು ಯಾವ ರಕ್ತ, ಯಾವ ಓಣಿ, ಯಾವ ನಂಬರಕ್ಕ ಫೋನ ಮಾಡಬೇಕು. ಹದಿನಾಕ ವರ್ಷದ ಹೆಸರು. ಮೊದಲ ದಪ್ಪ ದಪ್ಪ ರಿಜಿಸ್ಟರ ಇದ್ದುವು, ಹೋದ ದೀಪಾವಳಿ ಕಸದಾಗ ರಕ್ತ ಭಂಡಾರದ ಚೇರಮನ್ನ ಶ್ರೀಶೈಲಪ್ಪನವರು "ಕಂಪ್ಯೂಟರ ಇರೂವಾಗ ಈ ಗೆದ್ದಲದ ಮನಿ ಯಾಕ" ಅಂತ ಹೊರಗ ಹಾಕಿಸಿದ್ರು. ಆಮ್ಯಾಲ ನಾಕ ಊರಿನ ನಾಕ ಹಳೇ ಕಂಪ್ಯೂಟರೂ ದಮ್ಮ ಹತ್ತಿದ ಮುದುಕರಂಗ ಕೆಮ್ಮಾಕ ಹತ್ತಿದ್ವು. ಆಗ ಇಜಾಪುರದಿಂದ ಬಂತು ಈ ಪೆಟ್ಟಿಗಿ, ಬ್ಯಾರೆಯವರು ವಾಪರಿಸಿ ಬಿಟ್ಟದ್ದು, ನಾಕೂ ಊರಿನ ಹೆಸರು ಎರಡ ಡಿಸ್ಕಿಗೆ ಇಳಿಸಿ ಒಳಗ ಹಾಕಿದ್ದು. ಎಮ್ಮಿಯಷ್ಟ ಒಜ್ಜಿ, ಎಂಟ ಮಂದಿ ಎತ್ತಿದ್ರ ಒಂಬತ್ತನೇದವನ ಸೊಂಟ ಉಳುಕಬೇಕು. ಇಜಾಪುರದ ಅರುಣಕುಮಾರ, ಇದನ್ನ ಜೋಡಸೂ ಹುಡುಗ, ಆಕಿನ್ನ ಕುಂಡ್ರಿಸಿ ಹೇಳಿದ್ದ: "ಅಕ್ಕಾರ, ಈ ಒಂದರೊಳಗ ನಾಕ ಕಂಪ್ಯೂಟರ ಇರತಾವು. ಖರೇ ಅಲ್ಲ, ಆದ್ರ ಖರೇವ್ರಂಗ ದುಡೀತಾವು. ಇಂಡಿಯವರಿಗೆ ಇಂಡಿದಷ್ಟ ಕಾಣತೈತಿ, ಬಾಗೇವಾಡಿಯವರಿಗೆ ಬಾಗೇವಾಡಿದಷ್ಟ." ಆಕಿಗೆ ತಡಾ ಆಗಲಿಲ್ಲ. "ಒಂದ ವಾಡೇದಾಗ ನಾಕ ಮಂದಿ ಅಣ್ಣತಮ್ಮಂದಿರು ನಾಕ ಒಲಿ ಹೂಡಿದಂಗ" ಅಂದಿದ್ಲು, ಅರುಣ ಬಾಯಿ ತಕ್ಕೊಂಡ ನೋಡಿ "ಇದನ್ನ ನಮಗ ಕಾಲೇಜಿನ್ಯಾಗ ಆರ ತಿಂಗಳ ಕಲಿಸಿದ್ರು ಅಕ್ಕಾರ" ಅಂದಿದ್ದ. ಆವತ್ತ ಆಕಿ ಮನಿಗೆ ಹೋಗೂವಾಗ ನೆಲಕ್ಕ ಕಾಲ ಹತ್ತಿರಲಿಲ್ಲ.

ಎಂಟ ದಿನದಿಂದ ಅದಕ್ಕ ಆರೈಕಿ ನಡದಿತ್ತು. ಒಳಗಿನ ಧೂಳು ಊದಿ ಊದಿ ತಗದದ್ದು, ಆ ಧೂಳ ಕೂಡಿಸಿದ್ರ ಒಂದ ಎಕರೆ ಹೊಲಾ ಆಗತಿತ್ತು. ಮೆಮರಿ ಅನ್ನೂ ನೆನಪಿನ ಪಟ್ಟಿ ಎಂಟು, ಜೋಡಿ ಜೋಡಿ ಹಚ್ಚಿ ಎರಡೂ ತುದಿ ಟಕ್ ಅನ್ನೂತನಕ ಅದುಮಿದ್ದು. ಗ್ವಾಡಿ ಹಿಂದ ಅರ್ಥಿಂಗ ವೈರಿನ ತೆಗ್ಗು ಅಗದು ಉಪ್ಪು ಇದ್ದಲಿ ತುಂಬಿಸಿದ್ದು. ನೀಲಿ ಪರದೇದಾಗ ನಾಕ ಒಲಿ ಹೂಡಾಕ ಪರವಾನಗಿ ಕೊಡೂ ಸಾಲು ಚಾಲೂ ಮಾಡಿದ್ದು. ಎಲ್ಲಾದಕ್ಕೂ ಮೊದಲ ಕಿಡಕಿ ಕಬ್ಬಿಣ ಮುಟ್ಟೂದು. ಮೈಯಾಗ ಇರೂ ಕರೆಂಟ ಇಳದ ಹೋಗಲಿ, ಇಲ್ಲಂದ್ರ ಮಶೀನ ಸುಡತೈತಿ ಅಂತ ಅರುಣ ಹೇಳಿದ್ದ. ಮೊದಲನೇ ದಿನ ಆ ಕಬ್ಬಿಣ ಮುಟ್ಟೂವಾಗ ಆಕಿಗೆ ನಗಿ ಬಂದಿತ್ತು, ಆಮ್ಯಾಲ ಅವ್ವ ನೆನಪಾಗಿದ್ಲು. ದೇವಣಗಾಂವದಾಗ ಅವ್ವ ಸುಂದರವ್ವ ಮಂದಿ ಅಂಗಳಾ ಉಡಗಿ ನೀರ ಕೇಳಿದ್ರ ಮ್ಯಾಲಿಂದ ಸುರೀತಿದ್ರು, ಬೊಗಸಿ ಹಿಡೀಬೇಕು, ಕೊಡಾ ತಾಕಬಾರದು. ಅವ್ವ ಮುಟ್ಟಿದ್ರ ಅವರು ತೊಳಕೋತಿದ್ರು. ಇಲ್ಲೆ ಎಲ್ಲಾರೂ ತೊಳಕೋಬೇಕು, ಚೇರಮನ್ನರೂ ಕಬ್ಬಿಣ ಮುಟ್ಟಬೇಕು, ಆಮ್ಯಾಲ ಪೆಟ್ಟಿಗಿ. ಈ ಮಶೀನಿಗೆ ಜಾತಿ ಗೊತ್ತಿಲ್ಲ ಅಂತ ಆಕಿಗೆ ಅದರ ಮ್ಯಾಲ ಜೀವಾ ಬಂದಿತ್ತು. ಅಂಥಾದ್ದರ ಒಳಗಿನ ಹೆಸರನ್ನ ತಾನ ತೆಗದ್ಲು.

ಇವತ್ತ ಮುಂಜಾನೆ ಅರುಣನ ಫೋನ ಬಂದಾಗ ರೇಂಜ ಕಡದು ಕಡದು ಬರತಿತ್ತು. "ಅಕ್ಕಾರ, ಮೊದಲ ಹಳೇವೆರಡು ತೆಗದ ಬಿಡ್ರಿ. ಆಮ್ಯಾಲ ಹೊಸಾವ ನಾಕ ಡಿಸ್ಕ ಹಚ್ಚಿ, ಕೂಡಿಸಿ ಒಂದ ಮನಿ ಕಟ್ರಿ. ಕಡೀ ಗುಂಡಿ ಮಾತ್ರ ಒತ್ತಬ್ಯಾಡ್ರಿ, ಅದು ಸುಣ್ಣಾ ಹೊಡದಂಗ, ಒತ್ತಿದ್ರ ಒಳಗ ಇದ್ದದ್ದೆಲ್ಲಾ ಬೆಳ್ಳಗ ಆಗತೈತಿ. ಪೂಜಾದಾಗ ಸಾಹೇಬ್ರ ಒತ್ತಲಿ." ತೆಗದ ಬಿಡ್ರಿ. ಹನ್ನೆರಡ ವರ್ಷ ಆಕಿ ಇದ ಕಟ್ಟಡದಾಗ ಕಸಾ ಹೊಡದಾಕಿ. ಹನ್ನೆರಡ ವರ್ಷ ಆ ಮಾತು ಆಕಿ ಕಿವ್ಯಾಗ ಬಿದ್ದದ್ದು ಒಂದ ಅರ್ಥದ್ದು. ಸುಮಂಗಲಾ, ಇದನ್ನ ತೆಗಿ. ಎಂಜಲಾ ತೆಗಿ, ಹತ್ತಿ ತೆಗಿ, ರಕ್ತ ಚೆಲ್ಲೇತಿ ತೆಗಿ. ತೆಗಿ ಅಂದ್ರ ಅದು ಇನ್ನ ಮುಂದ ಇರಬಾರದು, ಅಲ್ಲಿ ಏನಿತ್ತು ಅಂತ ನೆಲಕ್ಕೂ ನೆನಪ ಉಳೀಬಾರದು. ಮಂದಿ ಕಿವಿಗೆ ತೆಗಿ ಅಂದ್ರ ಬಾಗಲಾ, ಹಲ್ಲು, ಫೋಟೋ, ನೂರಾಎಂಟು. ಆಕಿ ಕಿವಿಗೆ ಕಸಬರಗಿ ಒಂದ. ಖುರ್ಚಿಮ್ಯಾಲ ಕುಂತ ಎರಡ ವರ್ಷ ಆತು, ಕಿವಿ ಇನ್ನೂ ನೆಲದ ಮ್ಯಾಲೇ ಕುಂತೈತಿ. ಕಸದಂಗ ತೆಗದು, ಖಾಲಿ ಕಂಡ ಆ ಎರಡನ್ನೂ ಸೇರಿಸಿ ಆರೂ ಡಿಸ್ಕ ಕೂಡಿಸಿ ಒಂದ ಮನಿ ಕಟ್ಟಿ, ಸುಣ್ಣದ ಗುಂಡಿಮುಂದ ತಂದ ನಿಲ್ಲಿಸಿದ್ಲು.

ಖರೇ ಹೇಳಬೇಕಂದ್ರ ಆಕಿಗೆ ಆ ಪರದೇದ ಮ್ಯಾಲಿನ ಇಂಗ್ಲೀಷು ಓದಾಕ ಬರತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಆಕಿ ಗಂಡಗೂ. ಹಿಂದಿನ ಆಪರೇಟರ ರಾಜೇಶ್ವರಿ ಲಗ್ನಾಗಿ ಹೋಗೂವಾಗ ಹೆಸರ ಟೈಪ ಮಾಡೂದನ್ನ ಕಲಿಸಿ ಹೋಗಿದ್ಲು, ಹೆಸರು ಕನ್ನಡದಾಗ, ಕನ್ನಡ ಏಳನೇತ್ತಾತನಕ ಸಾಲಿ ಕಲತಾಕಿಗೆ ನೀರ ಕುಡದಂಗ. ಇಂಗ್ಲೀಷ ಅಕ್ಷರ ಇಪ್ಪತ್ತಾರೂ ಗೊತ್ತು, ಕೀಬೋರ್ಡಿನ್ಯಾಗ ಅವು ಓಣ್ಯಾಗಿನ ಮನಿ ಇದ್ದಂಗ, ಯಾರ ಮನಿ ಎಲ್ಲೈತಿ ಕಣ್ಣಮುಚ್ಚಿ ಹೇಳ್ತಾಳ. ಆದ್ರ ಅವೆಲ್ಲಾ ಒಂದ ಕಡೆ ಕೂಡಿ ಏನ ಮಾತಾಡತಾವು ಅನ್ನೂದು ಮಾತ್ರ ತಿಳೀದು. ಹಂಗಾಗಿ ಜಾಗಾ ನೆನಪಿಡತಿದ್ಲು. ಮೂರನೇ ಸಾಲು, ಒಮ್ಮೆ ಎಂಟರ. ಕೆಂಪ ಬಂದ್ರ ಹೂಂ ಅನ್ನೂ ವಾಯ್. ಹಸರ ಬಂದ್ರ ಸುಮ್ಮನಿರು. ಅರುಣಗ ಫೋನ ಮಾಡಿ ಹಿಂಗಾಗೇತಿ ಅಂದ್ರ ಅಂವ ಮೊದಲ ಕೇಳೂದೇನು? "ಸ್ಕ್ರೀನಿನ ಮ್ಯಾಲ ಏನ ಬರದೈತಿ ಓದ್ರಿ ಅಕ್ಕಾರ." ಅಲ್ಲಿಗೆ ಎಲ್ಲಾ ಬಯಲು. ಎರಡ ಸಲ ಅಂವನ ನಂಬರ ಒತ್ತಿದ್ಲು, ಎರಡೂ ಸಲ ಅಂವ ಎತ್ತೂದರೊಳಗ ಕಟ್ ಮಾಡಿದ್ಲು. ಹೋದದ್ದು ಹೋಗೇ ಬಿಟ್ಟಿತ್ತೋ, ಇನ್ನೂ ಒಳಗ ಎಲ್ಲೋ ಉಸರ ಹಿಡದ ಕುಂತಿತ್ತೋ, ಅದೂ ಆಕಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದ. ಸುಣ್ಣದ ಗುಂಡಿ ಒತ್ತಿದ ಮ್ಯಾಲ ಯಾರಿಗೂ ಏನೂ ಗೊತ್ತಾಗೂದಿಲ್ಲ.

ಹನ್ನೊಂದಕ್ಕ ಫೋನ ಬಾರಿಸ್ತು. ಮುದ್ದೇಬಿಹಾಳದ ದವಾಖಾನಿ ನರ್ಸ ಸುವರ್ಣಾ, ಆಕಿ ಮಾತಾಡಿದ್ರ ಫೋನ ಕಿವಿಗೆ ಹಚ್ಚೂದ ಬ್ಯಾಡ, ಮುದ್ದೇಬಿಹಾಳದಿಂದ ಹಂಗ ಕೇಳಸತೈತಿ. "ಅಕ್ಕಾ, ನಾಳೆ ಒಬ್ಬಾಕಿದು ಆಪರೇಶನ್ ಐತಿ, ಓ ನೆಗೆಟಿವ್. ನಮ್ಮ ಕಡಿ ಯಾರ್ಯಾರ ಅದಾರ ಹೆಸರ ಹೇಳು. ನಾಕ ಮಂದಿ ಇದ್ದಂಗ ನೆನಪು." ಸುಮಂಗಲಾಗ ಒಂದ ಹೆಸರಂತೂ ನಾಲಿಗಿ ತುದೀಗೆ ಇತ್ತು, ತಾನ ಟೈಪ ಮಾಡಿದ್ಲಲ್ಲ, ಮಲ್ಲಣ್ಣ, ಆದ್ರ ಯಾವ ಮಲ್ಲಣ್ಣ, ಆ ತಾಲೂಕಿನ್ಯಾಗ ಕಲ್ಲ ಒಗದ್ರ ಮಲ್ಲಣ್ಣಗ ಬೀಳತೈತಿ. "ಪೂಜಾ ಮುಗೀಲಿ, ಊಟದ ಹೊತ್ತಿಗೆ ಹೇಳತೇನಿ" ಅಂದ್ಲು. "ಏನವಾ ನಿಮ್ಮ ಪೂಜಾ! ಅದಕ್ಕೇನ ಲಗ್ನ ಮಾಡಾಕತ್ತೀರೇನು? ಅಕ್ಕಿಕಾಳಿಗೆ ನಮ್ಮನ್ನೂ ಕರೀರಿ" ಅಂತ ನಕ್ಕು ಇಟ್ಲು. ನಗೂದು ಕಿವ್ಯಾಗ ಉಳೀತು. ನಾಳೆ ಮೇಜಿನ ಮ್ಯಾಲ ಮಲಗೂವಾಕಿ ಹೆಂತಾಕಿ ಇರಬೇಕು, ಮಕ್ಕಳದಾವೋ ಏನೋ, ಕಿವ್ಯಾಗಿನ ಬೆಂಡವಾಲಿ ಬಿಚ್ಚಿ ಯಾರ ಕೈಯಾಗ ಕೊಡತಾಳೋ.

ಹನ್ನೆರಡಕ್ಕ ಹತ್ತ ಮಿನೀಟ ಇರೂವಾಗ ಶ್ರೀಶೈಲಪ್ಪನವರ ಮೆರವಣಿಗಿ ಬಂತು. ಮುಂದ ಅವರ ಹೊಟ್ಟಿ, ಹಿಂದ ಅವರು, ಅವರ ಹಿಂದ ಅವರ ಅಕ್ಕ ರುಕ್ಮವ್ವ ಆರತಿ ತಾಟ ಹಿಡಕೊಂಡು, ಎಂಬತ್ತಾದ್ರೂ ನಾಲಿಗಿಗೆ ಇನ್ನೂ ಹದಿನಾರು. ಸಿಬ್ಬಂದಿ ಇಪ್ಪತ್ತ ಮಂದಿ ಕೂಡಿದ್ರು. ಶ್ರೀಶೈಲಪ್ಪ ಕಿಡಕಿ ಕಬ್ಬಿಣ ಮುಟ್ಟಿ, "ನೋಡ್ರಿ, ಮುಟ್ಟೇನಿ, ಸುಮಂಗಲಾ ಬಾಯಿ ಕಾಯ್ದೆ" ಅಂತ ಎಲ್ಲಾರನ್ನೂ ನಗಿಸಿದ್ರು. ಪೆಟ್ಟಿಗಿ ಹಣಿಗೆ ವಿಭೂತಿ, ನಡಬರಕ ಕುಂಕುಮ, ಮೂಲ್ಯಾಗ ನಿಂಬಿಹಣ್ಣು. ರುಕ್ಮವ್ವ ಮೂಗ ಮುರದ್ಲು. "ಇಷ್ಟ ಅಲಂಕಾರ ನನ್ನ ಲಗ್ನದಾಗೂ ಮಾಡಿರಲಿಲ್ಲ. ಇದು ಏನ ಹಡೀತೈತಪಾ?" "ನಾಕ ಮಕ್ಕಳನ್ನ, ಅಕ್ಕಾ. ಒಂದ ಬಸಿರಾಗ" ಅಂದ್ರು ಶ್ರೀಶೈಲಪ್ಪ. ಆಮ್ಯಾಲ ಮಾನಪ್ಪನ ಕಡಿ ತಿರುಗಿ, "ಏನಲೇ ಮಾನಪ್ಪ, ನಿನ್ನ ಗಾಡಿ ಕುಣಿಸಿ ಕುಣಿಸಿ ಡಿಸ್ಕಿನ್ಯಾಗಿನ ಹೆಸರೆಲ್ಲಾ ದಾರ್ಯಾಗ ಉದರಿಸಿ ಬಂದಿಲ್ಲ ಹೌದಿಲ್ಲೋ? ಉದರಿದ್ರ ನಿನ್ನ ಮನಿಗೆ ಕಳಸೂದ ನೋಡು" ಅಂದ್ರು. ಎಲ್ಲಾರೂ ನಕ್ರು. ಮಾನಪ್ಪನೂ ನಕ್ಕ, ಕೌದಿ ಎದಿಗೆ ಒತ್ತಿ ಹಿಡಕೊಂಡು. ನಗೂವಾಗ ಅಂವ ಆಕಿ ಕಡಿ ನೋಡಿದ, ನನ್ನ ಪರವಾಗಿ ಒಂದ ಮಾತ ಹೇಳು ತಂಗೀ ಅನ್ನೂವಂಗ.

ಅದ ದಾರಿ. ಆಕಿ ಹುಡಕೂ ಅಗತ್ಯಾನ ಇರಲಿಲ್ಲ, ಚೇರಮನ್ನರ ತಂದು ಕೈಯಾಗ ಇಟ್ಟಿದ್ರು. ಡಿಸ್ಕ ಖಾಲಿ ಬಂದಾವ್ರಿ, ಗಾಡಿ ಕುಣದಿರಬೇಕ್ರಿ. ಅಷ್ಟ ಅಂದ್ರ ಸಾಕು, ಇಪ್ಪತ್ತ ಮಂದಿ ಹೂಂ ಅಂತಾರ, ಇಜಾಪುರ ರಸ್ತಾ ತೆಗ್ಗೂ ಸಾಕ್ಷಿ ಹೇಳತಾವು. ಸಣ್ಣಾಕಿದ್ದಾಗ ಗೆಳತಿ ಗುಂಡವ್ವನೂ ಹಿಂಗ ನೋಡಿದ್ಲು. ದೇವಣಗಾಂವ ಸಾಲ್ಯಾಗ ಮಾಸ್ತರ್ರು ಬೋರ್ಡ ಒರಸು ಅಂದ್ರು, ಸುಮಂಗಲಾ ಒರಸಿದ್ಲು, ಒಂದ ಮೂಲ್ಯಾಗ ಪರೀಕ್ಷಾದ ವೇಳಾಪಟ್ಟಿ ಇತ್ತು, ಅದನ್ನೂ ಒರಸಿದ್ಲು, ಸ್ವಚ್ಛ ಅಂದ್ರ ಪೂರಾ ಸ್ವಚ್ಛ ಅಂತ. ಯಾರ ಅಳಿಸಿದ್ರು ಅಂತ ಮಾಸ್ತರ್ರು ಬೆತ್ತ ಹಿಡದ ಬಂದಾಗ ಬೋರ್ಡಿನ ಬಾಜೂಕ ಇದ್ದಾಕಿ ಗುಂಡವ್ವ, ಕೈಯಾಗ ಅರಿವಿ ಇತ್ತು, ಸುಮಂಗಲಾನ ಕೊಟ್ಟಿದ್ದು. ಎಂಟ ಏಟು. ಆ ಎಂಟೂ ಏಟು ಸುಮಂಗಲಾ ಎಣಿಸಿದ್ಲು, ಗುಂಡವ್ವ ಅಳಲಿಲ್ಲ, ಆಕಿ ಕಡಿ ನೋಡಿದ್ಲು ಅಷ್ಟ, ಬೈಯ್ಯೂವಂಗ ಅಲ್ಲ, ನೀ ಈಗ ಹೇಳತೀಯೇನು ಅಂತ ಕಾಯೂವಂಗ. ಮೂವತ್ತ ವರ್ಷ ಆತು. ಗುಂಡವ್ವ ಮೋರಟಗಿಗೆ ಕೊಟ್ಟ ಹೆಣ್ಣು, ಮೊಮ್ಮಕ್ಕಳ ಆಗ್ಯಾವು, ಹೋದ ವರ್ಷ ರಕ್ತ ಕೊಡೂ ಶಿಬಿರಕ್ಕ ಬಂದಿದ್ಲು, ತೋಳ ಚಾಚಿ "ನನ್ನ ಹೆಸರ ಬರಕೋ ಸುಮ್ಮಿ" ಅಂದಿದ್ಲು, ಮರತ ಬಿಟ್ಟಿದ್ಲು ಕಾಣತೈತಿ. ಆ ಹೆಸರೂ ಅದರಾಗ ಇತ್ತು. ಇವತ್ತ ಎರಡನೇ ಸಲ ಗುಂಡವ್ವನ್ನ ಒರಸಿದ್ಲು.

ಕಾಯಿ ಹೊಸ್ತಲಕ್ಕ ಬಿದ್ದು ಎರಡ ಹೋಳಾತು. ಕರ್ಪೂರದ ಹೊಗಿ ಪೆಟ್ಟಿಗಿ ಫ್ಯಾನಿನ್ಯಾಗ ಸೇದಿ ಹಿಂದ ಹೊಂಟಿತು. ಶ್ರೀಶೈಲಪ್ಪ ತೋರಬೆರಳಿಗೆ ಕುಂಕುಮ ಹಚಕೊಂಡು ಖುರ್ಚಿ ಹಂತೇಕ ಬಂದು, "ಯಾವುದಬೇ ಗುಂಡಿ? ಇದಾ? ಒತ್ತಲಿ?" ಅಂದ್ರು. ಪರದೇದ ಮ್ಯಾಲ ಕೆಂಪ ಸಾಲು ಮಿಣಕತಿತ್ತು. ಆ ಬೆರಳು, ಅದರ ತುದಿಗಿನ ಕೆಂಪು, ಉಗುರಿನ ಸಂದಿನ್ಯಾಗಿನ ವಿಭೂತಿ, ಅಷ್ಟ ಜಗತ್ತು ಉಳದಿತ್ತು. ಹೂಂ ಅಂದ್ರ ಖುರ್ಚಿ ಉಳೀತು. ನಾಳಿನೂ ಬಂದು ಕುಂಡ್ರಬಹುದು. ಬೆರಳು ಗುಂಡಿಗೆ ಒಂದ ಗೋದಿಕಾಳಿನಷ್ಟ ದೂರ ಇತ್ತು, ಆಕಿ ತನ್ನ ಕೈ ಅಡ್ಡ ಇಟ್ಲು. ಕುಂಕುಮ ಆಕಿ ಮುಂಗೈಗೆ ಒತ್ತಿತು.

"ಒತ್ತಬ್ಯಾಡ್ರಿ ಸಾಹೇಬ್ರ."

"ಯಾಕ, ರಾಹುಕಾಲ ಐತೇನು?"

"ನಾ ತಪ್ಪ ಮಾಡೇನ್ರಿ. ಹಳೇ ಡಿಸ್ಕ ಹೊರಗ ತೆಗೀರಿ ಅಂದಿದ್ದ ಅರುಣ. ನಾ ಪರದೇದ ಮ್ಯಾಲ ಅಳಿಸಿ ತೆಗದೇನಿ. ಹೆಸರ ಅದಾವೋ ಹೋಗ್ಯಾವೋ ಗೊತ್ತಿಲ್ಲ. ಇದನ್ನ ಒತ್ತಿದ್ರ ಮಾತ್ರ ಖಾಯಂ ಹೋಗತಾವು."

ಶ್ರೀಶೈಲಪ್ಪ ಮೊದಲ ನಕ್ರು, ಚ್ಯಾಷ್ಟಿ ಅಂತ ತಿಳದು. ಆಮ್ಯಾಲ ಅವರ ಮಾರಿ ಸುಟ್ಟ ಬದನಿಕಾಯಿ ಆತು. "ನಾಕ ತಾಲೂಕಿನ ಹೆಸರಬೇ! ಅಲ್ಲೇ ಬರದಿರತೈತಿ, ಓದಿ ಒತ್ತಾಕ ಏನಾಗಿತ್ತು ನಿನಗ?"

"ಓದಾಕ ಬರೂದಿಲ್ರಿ ನನಗ." ಮಾತು ಹೊರಗ ಬಿತ್ತು, ಬಿದ್ದ ಮ್ಯಾಲ ಅಷ್ಟೇನ ದೊಡ್ಡದ ಕಾಣಲಿಲ್ಲ. "ಇಂಗ್ಲೀಷ. ಜಾಗಾ ನೆನಪಿಟ್ಟ ಒತ್ತತೇನಿ."

ಯಾರೋ ಹಿಂದ ಕಿಸಕ್ ಅಂದ್ರು. "ಎರಡ ವರ್ಷ ನಮ್ಮನ್ನ ಕುರಿ ಮಾಡಿ ಕುಂಡ್ರಿಸಿದ್ಲಲ್ಲೋ" ಅಂತ ಇನ್ನೊಬ್ರು. ರುಕ್ಮವ್ವ ಆರತಿ ತಾಟ ಪೆಟ್ಟಿಗಿ ಮ್ಯಾಲ ಇಟ್ಟು, "ನಮ್ಮ ಶ್ರೀಶೈಲನೂ ಗುಳಿಗಿ ಬಣ್ಣಾ ನೋಡೇ ನುಂಗತಾನ. ನಾ ಏನರೆ ಅಂದೇನೇನು?" ಅಂದ್ಲು. "ಏಳ ಮ್ಯಾಲ, ನಾ ಓದತೇನಿ" ಅಂತ ಶ್ರೀಶೈಲಪ್ಪ ಖುರ್ಚಿ ಬೆನ್ನಿಗೆ ಕೈ ಹಾಕಿದ್ರು. ಏಳಬೇಕು ಅಂತ ಆಕಿ ಕಾಲಿಗೆ ಗೊತ್ತಿತ್ತು, ಹನ್ನೆರಡ ವರ್ಷದ ಕಾಲು, ಅರ್ಧ ಎದ್ದಿದ್ವು ಕೂಡ. ಆದ್ರ ಈ ಕೈ ಏನೇನ ಒತ್ತೇತಿ, ಯಾವ ಸಾಲು, ಎಷ್ಟ ಸಲ, ಅದು ಈ ಕೈಗೊಂದ ಗೊತ್ತಿತ್ತು. "ಯಾವ ಸಾಲು ಒತ್ತೇನಿ ಅನ್ನೂದು ನನಗ ಗೊತ್ತೈತ್ರಿ. ಒಂದ ಹತ್ತ ಮಿನೀಟ ಕುಂಡ್ರತೇನಿ. ಆಮ್ಯಾಲ ಎಬ್ಬಸ್ರಿ" ಅಂದ್ಲು, ಫೋನ ಎತ್ತಿ, ಈ ಸಲ ಕಟ್ ಮಾಡಲಿಲ್ಲ, ಎಲ್ಲಾರಿಗೂ ಕೇಳೂವಂಗ ಮೇಜಿನ ಮ್ಯಾಲ ಇಟ್ಲು.

ಅರುಣ ಪೂರಾ ಕೇಳಿದ. ಆಮ್ಯಾಲ, ಆಕಿ ಮುಂಜಾನಿಂದ ಹೆದರಿದ್ದ ಮಾತ ಅಂದ. "ಈಗ ಏನ ಬರದೈತಿ ಓದ್ರಿ ಅಕ್ಕಾರ."

ಓದಿದ್ಲು. ಒಂದೊಂದ ಅಕ್ಷರ, ಬಿಡಿಸಿ ಬಿಡಿಸಿ. ಐ, ಎನ್, ಐ, ಟಿ. ಇಪ್ಪತ್ತ ಮಂದಿಮುಂದ ನಲವತ್ತೊಂದ ವರ್ಷದಾಕಿ, ಅಂಕಲಿಪಿ ಹಿಡದ ಕೂಸಿನಂಗ. ಹಣಿ ಬೆವರು ಮೂಗಿನಿಂದ ಇಳದು ಕೀಬೋರ್ಡಿಗೆ ಬೀಳಬಾರದು ಅಂತ ಸೆರಗ ಹಿಡಕೊಂಡು. ಒಂದ ಸಾಲ ಮುಗಸೂದರೊಳಗ ಒಂದ ಯುಗ ಹೋತು, ಕರ್ಪೂರ ಆರಿತು. ಅರುಣ ಕೂಡಿಸಿ ಕೂಡಿಸಿ ಕೇಳಿ, ದೊಡ್ಡ ಉಸರ ಬಿಟ್ಟ. "ಸುಣ್ಣಾ ಹೊಡದಿಲ್ಲ. ಅಕ್ಕಾರ, ನೀವು ಬಾಗಲದ ಮ್ಯಾಲಿನ ಹೆಸರಿನ ಹಲಗಿ ಅಷ್ಟ ಕಿತ್ತೀರಿ. ಮನಿ ಒಳಗ ಸಾಮಾನು ಇದ್ದಂಗ ಇರಬೇಕು. ಮೊದಲ ಹೆಂಗಿತ್ತೋ ಹಂಗ ಅದ ಎರಡಕ್ಕ ಹಲಗಿ ತಿರುಗಿ ಬಡೀಬೇಕು, ಒಂದ ಅಕ್ಷರ ತಪ್ಪಬಾರದು. ಯಾವ ಸಾಲು, ಎಷ್ಟ ಸಲ ಒತ್ತಿದ್ರಿ ನೆನಪೈತೇನು?" ಆಕಿಗೆ ಜಾಗಾ ಬಿಟ್ರ ಬ್ಯಾರೆ ಏನ ನೆನಪಿತ್ತು! ಮೂರನೇ ಸಾಲು ಒಮ್ಮೆ, ಕೆಳಗ ಎರಡು, ವಾಯ್, ಅಂತ ಮಂತ್ರದಂಗ ಹೇಳಿದ್ಲು. "ಛಲೋ. ಹಂಗಾರ ಮೊದಲ ಆ ಹೊಸಾ ಮನಿ ತೆಗೀರಿ" ಅಂದ ಅರುಣ.

ಆಕಿ ಕೈ ಗುಂಡಿತನಕ ಹೋತು. ನಿಂತು.

"ಅರುಣಪ್ಪಾ, ಯಾವ ತೆಗಿಯೂದು?" ಅಂದ್ಲು. "ಬಾಗಲಾ ತೆಗದಂಗೋ, ಹಲ್ಲ ತೆಗದಂಗೋ, ಎಂಜಲಾ ತೆಗದಂಗೋ? ಬಿಡಿಸಿ ಹೇಳು."

ಅರುಣ ಸಣ್ಣ ದನೀಲೆ, "ಎಂಜಲಾ ತೆಗದಂಗ ಅಕ್ಕಾರ. ಮುಂಜಾನೆ ಅಂದದ್ದು ಹಲ್ಲ ತೆಗದಂಗ. ನಾ ಆಗ ಬಿಡಿಸಿ ಹೇಳಬೇಕಿತ್ತು" ಅಂದ. ಬಾಗಲದಾಗ ಮಾನಪ್ಪ ಕೌದಿ ಒಳಗ ಮಾರಿ ಮುಚ್ಚಿಕೊಂಡ.

ತೆಗದ್ಲು. ಹಳೇ ಎರಡಕ್ಕೂ ಹಲಗಿ ಬಡದ್ಲು. ಪೆಟ್ಟಿಗಿ ಆರಿಸಿ ಚಾಲೂ ಮಾಡಿದ್ಲು. ಫ್ಯಾನು ಮಳಿಗಾಲದ ಭೀಮಾ ಹೊಳಿಯಂಗ ಗದ್ದಲಾ ಮಾಡಿ ಇಳೀತು, ಪರದೆ ಕಪ್ಪಾತು, ಕಪ್ಪಾಗೇ ಉಳೀತು, ಎಷ್ಟ ಹೊತ್ತು ಅಂದ್ರ ಶ್ರೀಶೈಲಪ್ಪ ಎರಡ ಸಲ ಗಡಿಯಾರ ನೋಡಿದ್ರು, ರುಕ್ಮವ್ವ ಕುಂತಲ್ಲೇ ಒಂದ ನಿದ್ದಿ ಮಾಡಿ ಎದ್ಲು. ಆಮ್ಯಾಲ ಮೂಲ್ಯಾಗ ಒಂದ ಗೀಟು ಮಿಣಕಿತು. "ಈಗ ಮುದ್ದೇಬಿಹಾಳದ್ದ ತೆಗೀರಿ" ಅಂದು ಅರುಣ ನಾಲಿಗಿ ಕಚ್ಚಿಕೊಂಡ. "ಬಾಗಲಾ ತೆಗದಂಗ, ಅಕ್ಕಾರ. ಬಾಗಲಾ." ತೆಗದ್ಲು. ಒಂದ ಸಾಲು, ಹತ್ತ ಸಾಲು, ಬೀಜ ಚೆಲ್ಲಿದಂಗ ಕನ್ನಡ ಅಕ್ಷರ, ಮಂದಿ, ಓಣಿ, ಊರು. ಮೋರಟಗಿ ಗುಂಡವ್ವ ಎಲ್ಲದಾಳ ಅಂತ ಹುಡಕಬೇಕು ಅನಸ್ತು, ಮೊದಲ ಇದಾಗಲಿ. ಸುವರ್ಣಾಗ ಫೋನ ಹಚ್ಚಿ, ಅಕ್ಷರ ಬಿಡಿಸದ, ಸರಸರ ಓದಾಕ ಹತ್ತಿದ್ಲು. "ಬರಕೋ. ಮಲ್ಲಣ್ಣ, ಕಿಲ್ಲಾ ಓಣಿ. ಶೆಟ್ಟೆವ್ವ, ಹಳೇ ಬಸ್ ಸ್ಟ್ಯಾಂಡ ಹಿಂದ."

ಮಂದಿ ಒಬ್ಬೊಬ್ರ ಕರಗಿದ್ರು. ನಾಳೆ ಈ ಖುರ್ಚಿಮ್ಯಾಲ ಯಾರ ಕುಂಡ್ರತಾರ ಅನ್ನೂದನ್ನ ಯಾರೂ ಹೇಳಲಿಲ್ಲ, ಆಕಿನೂ ಕೇಳಲಿಲ್ಲ. ನೆಲದ ಮ್ಯಾಲ ಕಾಯಿ ಚಿಪ್ಪು, ನಾರು, ಹೂವು, ಆರಿದ ಕರ್ಪೂರ. ಶ್ರೀಶೈಲಪ್ಪ ಬೆರಳಿನ ಕುಂಕುಮ ಒರಸಕೋತ, ಹನ್ನೆರಡ ವರ್ಷದ ರೂಢಿ, ಆಕಿ ಕಡಿ ನೋಡದ ಅಂದ್ರು: "ಸುಮಂಗಲಾ, ಇಲ್ಲೆ ಇದನ್ನೆಲ್ಲಾ ತೆಗಿ."

ಆಕಿ ಫೋನಿಗೆ ಕೈ ಮುಚ್ಚಿದ್ಲು. "ಹೆಸರ ಓದಾಕತ್ತೇನ್ರಿ ಸಾಹೇಬ್ರ. ಇನ್ನೂ ಇಬ್ರ ಅದಾರ." ಹೇಳಿ ತಿರುಗಿ ಓದಾಕ ಹತ್ತಿದ್ಲು, ಕಾಲು ಏಳಲಿಲ್ಲ.

ಹಿಂದ ಎರಡ ಮಣಕಾಲ ಲಟ್ ಲಟ್ ಅಂದ್ವು, ಕಾಯಿ ಚಿಪ್ಪು ನೆಲಕ್ಕ ತಿಕ್ಕಿತು, ಮತ್ತ ಶ್ರೀಶೈಲಪ್ಪನವರ ದನಿ ಮೇಜಿನ ಕೆಳಗಿಂದ ಬಂತು, ಈ ಕಟ್ಟಡದಾಗ ಹದಿನಾಕ ವರ್ಷ ತಿರುಗಿದವರು ಮೊದಲನೇ ಸಲ ಕೇಳಾಕತ್ತಿದ್ರು:

"ಇದನ್ನೆಲ್ಲಾ ಎಲ್ಲೆ ಒಗೀತಾರಬೇ?"